ಜಾತ್ರೆ ಅಂಗಡಿಯಲ್ಲಿ ಮಸಾಜ್ ಗನ್ ತಗೊಳ್ಳುವವರು ಒಮ್ಮೆ ಇದನ್ನು ಓದಿ

ಬರೆಯಲೋ ಬೇಡವೋ ಅಂತ ಮೂರು ದಿನ ಯೋಚಿಸಿದೆ. ನಾಚಿಕೆ, ಮತ್ತೇನಿಲ್ಲ. ಊರಲ್ಲಿ ಯಾರು ಏನು ತಂದರೂ 'ಎಷ್ಟು ಕೊಟ್ಟೆ? ಟೋಪಿ ಹಾಕಿಸಿಕೊಂಡೆ ಮಾರಾಯ್ತಿ' ಅನ್ನುವವಳು ನಾನೇ. ಈಗ 3,600 ರೂಪಾಯಿಯ ಟೋಪಿ ನನ್ನ ತಲೆ ಮೇಲೇ ಕೂತಿದೆ.

ನಮ್ಮದು ಶಿರಸಿ ಹತ್ತಿರದ ಹಳ್ಳಿ. ಈ ಸಲ ಮರ ಹತ್ತಿ ಅಡಿಕೆ ಕೊನೆ ಕೊಯ್ಯುವ ಕೊನೆಗೌಡ ಸಿಕ್ಕಿದ್ದೇ ತಡವಾಗಿ. ಅಡಿಕೆ ಸುಲಿಯಲು ಜನ ಸಿಗಲೇ ಇಲ್ಲ. ರಾತ್ರಿ ಹನ್ನೊಂದರವರೆಗೆ ಮೆಟ್ಟುಗತ್ತಿ ಮುಂದೆ ಕೂತು ಬಲಭುಜ ಕಲ್ಲಾಗಿತ್ತು. ಅಡಿಕೆ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ. ಅತ್ತೆಗೆ ಕಾಲುನೋವು. ಅದು ವರ್ಷವಿಡೀ ಇರುವಂಥದ್ದು.

ಅಷ್ಟರಲ್ಲಿ ಮಾರಿಕಾಂಬಾ ಜಾತ್ರೆ. ಎರಡು ವರ್ಷಕ್ಕೊಮ್ಮೆ ಬರುವುದು, ಬಿಡುವುದುಂಟೇ? ಬಿಡಕಿಬೈಲಿನ ಗದ್ದುಗೆಯಲ್ಲಿ ಉಡಿ ಕೊಟ್ಟು, ಬಳೆ ಇಡಿಸಿಕೊಂಡು ವಾಪಸ್ ಬರುವಾಗ ಆ ಮಸಾಜ್ ಗನ್ ಅಂಗಡಿ. ಹೊರಗೆ ಒಂದು ಕುರ್ಚಿ. "ಅಕ್ಕಾ, ದುಡ್ಡು ಬೇಡ, ಎರಡು ನಿಮಿಷ ಕೂತ್ಕೊಳ್ಳಿ ಸಾಕು." ಕೂತೆ. ಕಾಲೂ ಸೋತಿತ್ತು. ಗನ್ ಅಂದರೆ ಪಿಸ್ತೂಲಿನ ಆಕಾರದ, ನೋವಿರುವ ಜಾಗಕ್ಕೆ ಬಡಿಯುವ ಚಾರ್ಜ್ ಮಷೀನು. ಅದನ್ನು ಭುಜದ ಮೇಲೆ ಇಟ್ಟ ನೋಡಿ, ದಬದಬದಬ ಅಂತ ಬಡಿಯಿತು. ಹಾಯ್ ಅನ್ನಿಸಿತು. ಸುಳ್ಳು ಯಾಕೆ ಹೇಳಲಿ, ಕಣ್ಣು ಮುಚ್ಚಿಯೇ ಹೋಯಿತು.

ಬಾಕ್ಸಿನ ಮೇಲೆ 7,999 ಅಂತ ಚೀಟಿ. ಒಂದಾದರೆ 2,200, ಎರಡು ತಗೊಂಡರೆ 3,600. ನಾನೇ ಚೌಕಾಸಿ ಮಾಡಿ ಗೆದ್ದೆ ಅಂದುಕೊಂಡೆ! "30 ಸ್ಪೀಡ್, ಒಂದು ಚಾರ್ಜಿಗೆ ಆರು ಗಂಟೆ, ತಲೆಯಿಂದ ಪಾದದವರೆಗೆ ಎಲ್ಲಿ ಬೇಕಾದ್ರೂ ಇಡಿ, ಶುಗರ್ ಇದ್ದವರಿಗೂ ಒಳ್ಳೇದು, ಅರ್ಧ ಗಂಟೆ ಹಿಡಿದ್ರೆ ಬೆಳಗ್ಗೆ ನೋವಿರಲ್ಲ." ಆ ಮಾತು ನೆನಪಿಡಿ, ಅರ್ಧ ಗಂಟೆ. ಬಿಲ್ಲು ಕೇಳಿದೆ. ಬಿಳಿ ಚೀಟಿಯಲ್ಲಿ '2 ಪೀಸ್' ಅಂತ ಬರೆದು, ಹಿಂದೆ ಒಂದು ಮೊಬೈಲ್ ನಂಬರ್ ಗೀಚಿ ಕೊಟ್ಟ. ಅಂಗಡಿ ಹೆಸರಿಲ್ಲ, ಜಿಎಸ್‌ಟಿ ನಂಬರ್ ಇಲ್ಲ. ಹಿಂದೆ ಜನ ನೂಕುತ್ತಿದ್ದರು. ಚೀಟಿ ಮಡಚಿ ಪರ್ಸಿಗೆ ಹಾಕಿಕೊಂಡೆ.

ಮನೆಗೆ ಬಂದು ಬಾಕ್ಸ್ ಒಡೆದಾಗಲೇ ಕೈಗೆ ಹಗುರ ಅನ್ನಿಸಿತು. ಅಂಗಡಿಯವನ ಕೈಯಲ್ಲಿದ್ದದ್ದು ಕಬ್ಬಿಣದ ಹಾಗೆ ಭಾರ ಇತ್ತು. ಬಣ್ಣ ಅದೇ, ಆಕಾರ ಅದೇ, ಒಳಗಿನದು ಬೇರೆ. ಭುಜಕ್ಕೆ ಒತ್ತಿದೆ. ಗುಂಯ್ ಅಂದಿತು, ನಿಂತಿತು. ಎತ್ತಿದರೆ ತಿರುಗುತ್ತದೆ. ಒತ್ತಿದರೆ ನಿಲ್ಲುತ್ತದೆ. ಎರಡೂ ಹಾಗೇ.

ಆ ವಾರ ಅಕ್ಕನ ಮಗ ಬಂದಿದ್ದ. ಹುಬ್ಬಳ್ಳಿಯಲ್ಲಿ ಓದುತ್ತಾನೆ, ಜಿಮ್ಮಿಗೆ ಹೋಗುವ ಹುಡುಗ. ಕೈಗೆ ತಗೊಂಡು ಬಟನ್ ಒತ್ತುತ್ತಾ ಹೋದ. ಪರದೆ ಮೇಲೆ 1, 2, 3, 4, 5. ಸದ್ದೂ ಏರಿತು. ಆಮೇಲೆ 6, 7, 8. ಅದೇ ಸದ್ದು. 20. ಅದೇ ಸದ್ದು. 30. ಅದೇ! "ಚಿಕ್ಕಮ್ಮಾ, ನಂಬರು ಮಾತ್ರ ಏರ್ತಾ ಉಂಟು" ಅಂದ. ನಗು ತಡೆದುಕೊಂಡಿದ್ದು ನನಗೆ ಕಾಣುತ್ತಿತ್ತು. ನನ್ನವರು ಪೇಪರು ಎತ್ತಿ ಮುಖಕ್ಕೆ ಹಿಡಿದರು. ದುಡ್ಡು ಹೋದದ್ದಕ್ಕಿಂತ ಆ ಪೇಪರು ಹಿಡಿದದ್ದು ಜಾಸ್ತಿ ಉರಿಯಿತು.

ಅವನೇ ಹೇಳಿದ್ದು. ಗನ್ನಿನ ತಲೆ ಮುಂದೆ ಹಿಂದೆ ಹೋಗಿ ಬಡಿಯಬೇಕು, ಒಳ್ಳೆಯವು 10–12 ಮಿಲಿಮೀಟರ್ ಹೋಗಿ ಬರುತ್ತವೆ. ನಿಧಾನದ ಸ್ಪೀಡಿಗೆ ಇಟ್ಟು ಮಗಳ ಸ್ಕೇಲಿನಲ್ಲಿ ಅಳೆದ. ಮೂರು ಮಿಲಿಮೀಟರ್ ಕೂಡ ಇಲ್ಲ. ಸುಮ್ನೆ ನಡುಗುವುದು, ಮೊಬೈಲ್ ವೈಬ್ರೇಟ್ ಆದ ಹಾಗೆ.

ಇಷ್ಟಕ್ಕೇ ಮುಗಿದಿದ್ದರೆ ಬರೆಯುತ್ತಿರಲಿಲ್ಲ. ಅತ್ತೆ ಪಾಪ, ಸೊಸೆ ತಂದದ್ದು ಅಂತ ನಾಲ್ಕು ದಿನ ಮೀನಖಂಡಕ್ಕೆ ಹಿಡಿದಿದ್ದಾರೆ. ಚೂಪು ತಲೆ ಹಾಕಿ, ಒಂದೇ ಜಾಗಕ್ಕೆ, ಲೆಕ್ಕ ಇಟ್ಟು ಅರ್ಧ ಗಂಟೆ. ಐದನೇ ದಿನ ಕಾಲು ಅಂಗೈಯಗಲ ನೀಲಿಗಟ್ಟಿತ್ತು. ಅವರು ಹೃದಯಕ್ಕೆ ಅಂತ ರಕ್ತ ತೆಳುವಾಗುವ ಮಾತ್ರೆ ತಗೊಳ್ಳುವವರು. ಕಾಲಲ್ಲಿ ಉಬ್ಬಿದ ನರವೂ ಇದೆ. ಡಾಕ್ಟರ್ ನನಗೆ ಬೈದ ಬೈಗುಳ ಇಲ್ಲಿ ಬರೆಯುವುದಿಲ್ಲ. ಅಂಥ ಮಾತ್ರೆಯವರಿಗೆ ಸಣ್ಣ ಪೆಟ್ಟಿಗೂ ಒಳಗೆ ರಕ್ತ ಸೋರಿ ನೀಲಿಗಟ್ಟಬಹುದು. ಉಬ್ಬಿದ ನರದ ಮೇಲೆ ಇದನ್ನು ಇಡಲೇಬಾರದು. ಕಾಲಿನ ನಾಳದಲ್ಲಿ ಹೆಪ್ಪು ಇದ್ದರೆ ಕಳಚಿ ಶ್ವಾಸಕೋಶಕ್ಕೆ ಹೋಗಬಹುದಂತೆ. ಶುಗರಿನಿಂದ ಪಾದ ಜೋಮು ಹಿಡಿದವರಿಗೆ ಎಷ್ಟು ಒತ್ತಿದ್ದೇವೆ ಅನ್ನುವುದೇ ತಿಳಿಯುವುದಿಲ್ಲ. ಕೊನೆಗೆ ಅಂದರು, "ಮಷೀನಿಗೆ ಬಲ ಇಲ್ಲದ್ದಕ್ಕೆ ಬಚಾವು." ಅಂದರೆ ಅವನು ನನಗೆ ಮೋಸ ಮಾಡಿದ್ದಕ್ಕೇ ಅತ್ತೆ ಉಳಿದರು. ಇದಕ್ಕೆ ಏನನ್ನಬೇಕೋ ಇನ್ನೂ ಗೊತ್ತಾಗಿಲ್ಲ.

ಚೀಟಿ ಹಿಂದಿನ ನಂಬರಿಗೆ ಫೋನ್ ಮಾಡಿದೆ. ಮೊದಲ ದಿನ, "ಅಕ್ಕಾ, ಚಾರ್ಜ್ ಸರಿ ಮಾಡಿದ್ದೀರಾ?" ಎರಡನೇ ದಿನ, "ನೀವು ಜಾಸ್ತಿ ಒತ್ತಿದ್ದೀರಿ." ಒತ್ತದೆ ಗಾಳಿಯಲ್ಲಿ ಹಿಡಿಯಲು ತಗೊಂಡೆನಾ ಅಂತ ಕೇಳಿದೆ. ಕಟ್. ವಾಟ್ಸ್ಆ್ಯಪಿನಲ್ಲಿ ವಿಡಿಯೋ ಕಳಿಸಿದೆ, ಒತ್ತಿದರೆ ನಿಲ್ಲುವುದು, ನಂಬರು ಮಾತ್ರ ಏರುವುದು. ಉತ್ತರಕ್ಕೆ ಒಂದು ಹೆಬ್ಬೆರಳು! ನೀಲಿಗಟ್ಟಿದ ಕಾಲಿನ ಫೋಟೋ ಕಳಿಸಿದೆ. "ರಕ್ತ ಓಡಾಟ ಶುರು ಆಗಿದೆ ಅಂತ ಅರ್ಥ, ಮುಂದುವರಿಸಿ." ನಿಜವಾಗಿ ಹೀಗೇ ಬರೆದಿದ್ದ. ಮತ್ತೆ ಬೈದೆ. "ಜಾತ್ರೆ ಮಾಲಿಗೆ ವಾಪಸ್ ಇಲ್ಲ ಅಕ್ಕಾ. ದೇವಿ ಜಾತ್ರೆದು, ಪ್ರಸಾದ ಅಂತ ಇಟ್ಕೊಳ್ಳಿ." ಪ್ರಸಾದ! ಆಮೇಲೆ ಬ್ಲಾಕ್.

ಗ್ರಾಹಕ ಸಹಾಯವಾಣಿ 1915ಕ್ಕೂ ಮಾಡಿದೆ. ಮಾತಾಡಿದವರು ಮರ್ಯಾದೆಯಿಂದಲೇ ಕೇಳಿದರು: ಅಂಗಡಿ ಹೆಸರು? ವಿಳಾಸ? ಬಿಲ್ಲು? ನನ್ನ ಹತ್ತಿರ '2 ಪೀಸ್' ಚೀಟಿ. ಬಾಕ್ಸ್ ತಿರುಗಿಸಿ ನೋಡಿದರೆ ತಯಾರಿಸಿದವರದ್ದಾಗಲಿ ಆಮದು ಮಾಡಿಕೊಂಡವರದ್ದಾಗಲಿ ಹೆಸರು ವಿಳಾಸ ಇಲ್ಲವೇ ಇಲ್ಲ. ಪ್ಯಾಕ್ ಮಾಡಿದ ಮಾಲಿನ ಮೇಲೆ ಅದು ಇರಲೇಬೇಕು ಅಂತ ಕಾನೂನೇ ಇದೆ. ಅಂಗಡಿಯಲ್ಲೇ ತಿರುಗಿಸಿ ನೋಡಿದ್ದರೆ ಎರಡು ನಿಮಿಷದ ಕೆಲಸ.

ತಗೊಳ್ಳಲೇಬೇಕು ಅಂದರೆ ತಗೊಳ್ಳಿ, ಬೇಡ ಅನ್ನಲು ನಾನ್ಯಾರು. ಆದರೆ ಕುರ್ಚಿಯಲ್ಲಿ ಕೂರಿಸಿ ತೋರಿಸಿದ್ದನ್ನಲ್ಲ, ನಿಮ್ಮ ಬಾಕ್ಸನ್ನೇ ಒಡೆಸಿ, ತೊಡೆಗೆ ಗಟ್ಟಿ ಒತ್ತಿ ನೋಡಿ. ನಿಂತರೆ ಅಲ್ಲೇ ಇಟ್ಟು ಬನ್ನಿ. ಬೆನ್ನುಮೂಳೆ, ಮೊಣಕಾಲ ಚಿಪ್ಪು, ಕುತ್ತಿಗೆಯ ಮುಂಭಾಗಕ್ಕೆ ಬೇಡವೇ ಬೇಡ. ಉಳುಕಿದ, ಊದಿಕೊಂಡ ಜಾಗಕ್ಕೂ ಬೇಡ. ಒಂದು ಜಾಗಕ್ಕೆ ಒಂದೆರಡು ನಿಮಿಷ ಸಾಕು ಅಂತ ಫಿಜಿಯೋಥೆರಪಿಸ್ಟ್ ಹೇಳಿದರು. ಅರ್ಧ ಗಂಟೆ ಅನ್ನುವವನು ಕಳ್ಳ.

ಅವರೇ ತೋರಿಸಿಕೊಟ್ಟದ್ದು ಇನ್ನೊಂದು. ಮಗಳ ಟೆನಿಸ್ ಚೆಂಡನ್ನು ಹಳೆ ಕಾಲುಚೀಲಕ್ಕೆ ಹಾಕಿ, ಭುಜದ ಹಿಂದೆ ಇಳಿಬಿಟ್ಟು, ಗೋಡೆಗೆ ಒರಗಿ ಮೆಲ್ಲಗೆ ಉರುಳಿಸುವುದು. ಗಂಟು ಸಿಕ್ಕಲ್ಲಿ ಸ್ವಲ್ಪ ಹೊತ್ತು ನಿಂತು ಉಸಿರು ಬಿಡುವುದು. ಮೊದಲು ಬಚ್ಚಲಿನ ಹಂಡೆಯಿಂದ ಎರಡು ಚೊಂಬು ಬಿಸಿನೀರು ಹುಯ್ದುಕೊಂಡರೆ ಇನ್ನೂ ಒಳ್ಳೇದು. ನನ್ನ ಭುಜ ಸಡಿಲವಾದದ್ದು ಇದರಿಂದ. ಖರ್ಚು ಸೊನ್ನೆ. ಇದನ್ನು ಬರೆಯುವಾಗ ಮತ್ತೆ ಉರಿಯುತ್ತಿದೆ.

ದುಡ್ಡು ಹೋದ ಫೋನ್‌ಪೇ ಹೆಸರಿನ ಸ್ಕ್ರೀನ್‌ಶಾಟ್, ಆ ಹೆಬ್ಬೆರಳು, 'ಪ್ರಸಾದ'ದ ಮೆಸೇಜು ಎಲ್ಲಾ ತೆಗೆದಿಟ್ಟಿದ್ದೇನೆ. ಜಿಲ್ಲಾ ಗ್ರಾಹಕರ ಆಯೋಗ ಇರುವುದು ಕಾರವಾರದಲ್ಲಿ. ದೇವಿಮನೆ ಘಟ್ಟ ಇಳಿದು, ಕುಮಟಾ ದಾಟಿ ಹೋಗಬೇಕು. ದೂರು ಕೊಡಲು ಎರಡು ವರ್ಷ ಸಮಯ ಇದೆಯಂತೆ. ಅದೇ ಜಾತ್ರೆಯಲ್ಲಿ, ಹೊರಗೆ ಕುರ್ಚಿ ಇಟ್ಟಿದ್ದ ಅಂಗಡಿಯಲ್ಲಿ ತಗೊಂಡವರು ಇನ್ನೂ ಯಾರಾದರೂ ಇದ್ದರೆ ಹೇಳಿ. ಒಬ್ಬಳೇ ಹೋಗುವುದಕ್ಕಿಂತ ನಾಲ್ಕು ಜನ ಒಟ್ಟಿಗೆ ಹೋಗೋಣ.