ಬಿಡಾರದವರು ಬೀಗ ಹಾಕಿ ಹೋದರೆ ಸುತ್ತಿಗೆ ಎತ್ತಬೇಡಿ

ಕಾಸರಗೋಡು, ಉಪ್ಪಳ, ಮಂಜೇಶ್ವರ ಕಡೆ ಕ್ವಾರ್ಟರ್ಸ್ ಬಾಡಿಗೆಗೆ ಕೊಟ್ಟವರು ಮತ್ತೆ ಮತ್ತೆ ಬೀಳುವ ಹೊಂಡ ಒಂದೇ. ಬಿಡಾರದವರು, ಅಂದರೆ ಬಾಡಿಗೆದಾರರು, ರಾತ್ರೋರಾತ್ರಿ ಹೋಗಿರುತ್ತಾರೆ. ಫೋನ್ ಸ್ವಿಚ್ ಆಫ್. ಅಡ್ವಾನ್ಸ್ ಬಾಕಿಗೆ ವಜಾ ಆಗಿ ಮುಗಿದಿರುತ್ತದೆ. ಯಜಮಾನರು ಬೀಗ ಒಡೆದು, ಸಾಮಾನು ಶೆಡ್ಡಿಗೆ ತುಂಬಿ, ಸುಣ್ಣ ಬಳಿದು ಮನೆಯನ್ನು ಇನ್ನೊಬ್ಬರಿಗೆ ಕೊಡುತ್ತಾರೆ. ನಾಲ್ಕು ತಿಂಗಳಲ್ಲಿ ಹಳೆಯ ಬಾಡಿಗೆದಾರನ ವಕೀಲರ ನೋಟೀಸು ಬರುತ್ತದೆ: ಕಪಾಟಿನಲ್ಲಿ ಚಿನ್ನವಿತ್ತು, ಕಾಣೆಯಾಗಿದೆ. ಇರಲಿಲ್ಲವೆಂದು ತೋರಿಸುವುದು ಹೇಗೆ? ಅಲ್ಲಿಗೆ ಬಾಡಿಗೆ ಕೊಡದವನೇ ದೂರುದಾರ. ಸಾಲದ್ದಕ್ಕೆ, 1963ರ ಸ್ಪೆಸಿಫಿಕ್ ರಿಲೀಫ್ ಆಕ್ಟಿನ 6ನೇ ಸೆಕ್ಷನ್ ಪ್ರಕಾರ ಆತ 6 ತಿಂಗಳೊಳಗೆ ದಾವೆ ಹೂಡಿ ಸ್ವಾಧೀನ ಮರಳಿ ಕೇಳಬಹುದು. ಮನೆ ಯಾರ ಹೆಸರಿನಲ್ಲಿದೆ ಎಂಬುದು ಆ ದಾವೆಯಲ್ಲಿ ಲೆಕ್ಕಕ್ಕೇ ಬರುವುದಿಲ್ಲ.

‘11 ತಿಂಗಳ ಎಗ್ರಿಮೆಂಟ್ ಮುಗಿಯಿತಲ್ಲ’ ಎಂಬ ಧೈರ್ಯ ಬೇಡ. 1965ರ ಕೇರಳ ಬಾಡಿಗೆ ನಿಯಂತ್ರಣ ಕಾನೂನು ಇರುವಲ್ಲಿ ಅವಧಿ ಮುಗಿದರೂ, ‘ಎರಡು ತಿಂಗಳು ಬೀಗ ಬಿದ್ದರೆ ಮನೆ ಬಿಟ್ಟಂತೆ’ ಎಂದು ಬರೆಸಿಕೊಂಡಿದ್ದರೂ, 11ನೇ ಸೆಕ್ಷನ್ ಹೇಳಿದ ದಾರಿಯಲ್ಲೇ ಹೋಗಬೇಕು. ಹಟಕ್ಕೆ ಬಿದ್ದು ಕರೆಂಟು, ನೀರು ಕಡಿಯುವುದೂ ತಪ್ಪು. 13ನೇ ಸೆಕ್ಷನ್ ಅದನ್ನು ತಡೆಯಲೆಂದೇ ಇದೆ.

ಇಲ್ಲಿ ಮನೆ ಬಿಡಿಸಲು ಎರಡು ಆಧಾರಗಳಿವೆ, ಅರ್ಜಿಯಲ್ಲಿ ಎರಡನ್ನೂ ಒಟ್ಟಿಗೇ ಹಾಕಿಸಿ. ಮೊದಲನೆಯದು ಬಾಡಿಗೆ ಬಾಕಿ, 11(2). ಬಾಕಿ ಎಷ್ಟೆಂದು ಬರೆದು ನೋಂದಾಯಿತ ಅಂಚೆಯಲ್ಲಿ ನೋಟೀಸು ಕಳಿಸಬೇಕು. ಕೈಸೇರಿದ 15 ದಿನದಲ್ಲಿ ವರ್ಷಕ್ಕೆ ಶೇಕಡಾ 6 ಬಡ್ಡಿ ಸಹಿತ ಕಟ್ಟದಿದ್ದರೆ ಬಾಡಿಗೆ ನಿಯಂತ್ರಣ ಕೋರ್ಟಿಗೆ ಅರ್ಜಿ. ಆದರೆ ಇದೊಂದನ್ನೇ ನಂಬಿದರೆ ಕೆಡುತ್ತೀರಿ. ತೀರ್ಪಾದ ಮೇಲೂ ಒಂದು ತಿಂಗಳೊಳಗೆ ಬಾಕಿ, ಬಡ್ಡಿ, ಖರ್ಚು ಕಟ್ಟಿದರೆ ಆದೇಶ ರದ್ದಾಗುತ್ತದೆ, ಆತ ಒಳಗೇ ಉಳಿಯುತ್ತಾನೆ. ಆದ್ದರಿಂದ 11(4)(v) ಬೇಕು: ಸರಿಯಾದ ಕಾರಣವಿಲ್ಲದೆ ಸತತ 6 ತಿಂಗಳು ವಾಸವಿಲ್ಲದಿರುವುದು.

ಆ 6 ತಿಂಗಳಿಗೆ ಒಳ್ಳೆಯ ಸಾಕ್ಷಿ ಕೇರಳದ ವಿದ್ಯುತ್ ಮಂಡಳಿ ಕೆಎಸ್‌ಇಬಿ ಬಿಲ್ಲು. ಎರಡು ತಿಂಗಳಿಗೊಮ್ಮೆ ಬರುವ ಬಿಲ್ಲಿನಲ್ಲಿ ಯೂನಿಟ್ ಸೊನ್ನೆಯೆಂದು ಮೂರು ಸಲ ಬಂದರೆ ಮಾತೇ ಬೇಡ. ಫ್ರಿಜ್ ಚಾಲೂ ಇಟ್ಟು ಹೋಗಿದ್ದರೆ ಮಾತ್ರ ಲೆಕ್ಕ ತಪ್ಪುತ್ತದೆ. ಆಗ ಅಕ್ಕಪಕ್ಕದವರ ಹೇಳಿಕೆ, ಅಂಗಳದಲ್ಲಿ ಬೆಳೆದ ಹುಲ್ಲಿನ ತಾರೀಕು ಸಹಿತ ಫೋಟೊ ತೆಗೆದಿಡಿ. ಸಂಪರ್ಕ ನಿಮ್ಮ ಹೆಸರಿನಲ್ಲಿದ್ದರೆ ಬಿಲ್ಲು ನೀವೇ ಕಟ್ಟಿ, ರಶೀದಿ ತೆಗೆದಿಡಿ.

ನೋಟೀಸನ್ನು ಬಾಡಿಗೆ ಮನೆಯ ವಿಳಾಸಕ್ಕೆ ಮಾತ್ರವಲ್ಲ, ಆಧಾರ್‌ನಲ್ಲಿರುವ ಊರಿಗೂ ಕಳಿಸಿ. ಗಡಿಯ ತಲಪಾಡಿ ದಾಟಿ ಮಂಗಳೂರು ಕಡೆಗೆ ಹೋದವರಿಗೆ ಇದು ಮುಖ್ಯ. ‘ಬಾಗಿಲು ಮುಚ್ಚಿದೆ’ ಎಂಬ ಷರಾ ಬಿದ್ದು ವಾಪಸಾದ ಲಕೋಟೆಯನ್ನು ಬಿಡಿಸದೆ ಹಾಗೆಯೇ ವಕೀಲರಿಗೆ ಕೊಡಿ. ನಿಮ್ಮ ಪಂಚಾಯತಿಗೆ 1965ರ ಕಾನೂನು ಅನ್ವಯವಾಗದಿದ್ದರೆ ದಾರಿ ಬೇರೆ: ಟಿ.ಪಿ. ಆಕ್ಟಿನ (ಆಸ್ತಿ ವರ್ಗಾವಣೆ ಕಾನೂನಿನ) 106ನೇ ಸೆಕ್ಷನ್ನಿನ 15 ದಿನದ ನೋಟೀಸು, ಮತ್ತೆ ಸಿವಿಲ್ ದಾವೆ. ಕೊನೆಗೆ ಬೀಗ ಒಡೆಯುವುದು ಕೋರ್ಟಿನ ಅಮೀನ, ಸಾಮಾನಿನ ಪಟ್ಟಿ ಸಮೇತ.

ಆಟಿಯ ಮಳೆಗೆ ಮಾಡು ಸೋರಿದರೆ, ಗ್ಯಾಸ್ ವಾಸನೆ ಬಂದರೆ ಕಾಯಲಾಗುವುದಿಲ್ಲ, ನಿಜ. (ಕರೆಂಟು ಹೋದ ಫ್ರಿಜ್ಜಿನ ಬೂತಾಯಿ ಮೀನು ಇಡೀ ಲೈನಿಗೇ ಸುದ್ದಿ ಮುಟ್ಟಿಸುತ್ತದೆ.) ಠಾಣೆಗೆ ಬರೆದುಕೊಟ್ಟು ರಶೀದಿ ಪಡೆಯಿರಿ, ಪೊಲೀಸರು ‘ಇದು ಸಿವಿಲ್ ವಿಷಯ’ ಎಂದರೂ ಸರಿ. ವಾರ್ಡ್ ಮೆಂಬರ್ ಮತ್ತು ಇಬ್ಬರು ನೆರೆಯವರ ಎದುರು, ಒಂದೇ ವೀಡಿಯೊ ನಿಲ್ಲಿಸದೆ ಓಡುತ್ತಿರುವಾಗಲೇ ತೆರೆಯಿರಿ. ಬೇಕಾದ ರಿಪೇರಿ ಮಾತ್ರ ಮಾಡಿ, ಕಪಾಟು ಮುಟ್ಟದೆ ಹೊಸ ಬೀಗ ಹಾಕಿ. ಕೀಲಿಕೈ ನಿಮ್ಮಲ್ಲಿದೆಯೆಂದು ಆತನಿಗೂ ಠಾಣೆಗೂ ತಿಳಿಸಿ.

ಇಷ್ಟೆಲ್ಲದಕ್ಕೂ ಮೊದಲು ಆತನ ಅಣ್ಣನನ್ನೋ ಮಾವನನ್ನೋ ಹಿಡಿದು ಒಂದು ಸಲ ಮಾತಾಡಿ. ‘ಮನೆ ಬಿಟ್ಟಿದ್ದೇನೆ, ಒಳಗೆ ನನ್ನದೇನೂ ಇಲ್ಲ’ ಎಂದು ಬಾಡಿಗೆದಾರನೇ ಸಹಿ ಹಾಕಿದ ಎರಡು ಸಾಲು ಮತ್ತು ಕೀಲಿಕೈ ಬಂದರೆ ಕೋರ್ಟಿನ ಕೆಲಸವೇ ಇಲ್ಲ. ಅದಕ್ಕಾಗಿ ಒಂದು ತಿಂಗಳ ಬಾಕಿ ಬಿಟ್ಟುಕೊಟ್ಟರೂ ಲಾಭವೇ.