ನೀಳ ಕಡ್ಡಿಯೋ, ಸರ್ಕ್ಯುಲರೋ, ಕ್ರೋಶಾವೋ? ಮನೆಮಂದಿಯ ನಡುವೆ ಹೆಣೆಯುವವರಿಗೊಂದು ಹೋಲಿಕೆ

ಮನೆಯಲ್ಲಿ ಹೆಣೆಯುವುದೆಂದರೆ ಅರ್ಧ ಹೊತ್ತು ಹೆಣಿಗೆಯನ್ನು ಕೆಳಗಿಡುವುದೇ ಆಗುತ್ತದೆ. ಕುಕ್ಕರ್ ಕೂಗುತ್ತದೆ, ಗಂಟೆ ಬಾರಿಸುತ್ತಾರೆ, ಮಲಗಿಸಿದ ಮಗು ಎದ್ದು ಕೂರುತ್ತದೆ. ಹಾಗಾಗಿ ಯಾವ ಕಡ್ಡಿಯಲ್ಲಿ ಕೆಲಸ ಬೇಗ, ಯಾವುದರಲ್ಲಿ ಹೆಣಿಗೆ ನಯ ಎಂದು ಕೇಳುವ ಮೊದಲು ಕೇಳಬೇಕಾದ್ದು ಬೇರೆ: ಸಾಲಿನ ನಡುವೆ ಬಿಟ್ಟೆದ್ದರೆ ಏನಾಗುತ್ತದೆ? ಈ ಲೆಕ್ಕದಲ್ಲೇ ಮೂರೂ ಬಗೆಯನ್ನು ಒಂದೇ ಕೆಲಸಕ್ಕೆ ಹಚ್ಚಿ ನೋಡಿದ್ದೇವೆ. ಕೆಲಸ, ಮೂರರಿಂದ ಆರು ತಿಂಗಳ ಮಗುವಿನ ಕುಲಾವಿ. ದಾರ, ಡಿಕೆ (ಡಬಲ್ ನಿಟಿಂಗ್, ತೀರ ಸಣ್ಣವೂ ಅಲ್ಲದ ದಪ್ಪವೂ ಅಲ್ಲದ ದಾರ) ದಪ್ಪದ 50 ಗ್ರಾಂ ಉಂಡೆ ಒಂದು. ಕಡ್ಡಿ, 4 ಮಿ.ಮೀ.

ಮಿಲಿಮೀಟರಿನಲ್ಲೇ ಹೇಳಲು ಕಾರಣವಿದೆ. ನಮ್ಮ ಅಂಗಡಿಗಳಲ್ಲಿ ಕಡ್ಡಿಗೆ ಹಳೇ ಬ್ರಿಟಿಷ್ ನಂಬರು: 8 ಎಂದರೆ 4 ಮಿ.ಮೀ., 10 ಎಂದರೆ 3.25, 12 ಎಂದರೆ 2.75. ನಂಬರು ಏರಿದಷ್ಟೂ ಕಡ್ಡಿ ಸಣ್ಣ. ಅಮೆರಿಕದವರದು ಇದಕ್ಕೆ ಉಲ್ಟಾ: ಅಲ್ಲಿ 8 ಎಂದರೆ 5 ಮಿ.ಮೀ., 10 ಎಂದರೆ 6. ಅಮೆರಿಕದ ವಿಡಿಯೊ ನೋಡಿಕೊಂಡು ಹೋಗಿ ‘ಹತ್ತನೇ ನಂಬರ್ ಕೊಡಿ’ ಎಂದರೆ ಸುಮಾರು ಅರ್ಧ ದಪ್ಪದ ಕಡ್ಡಿ ಕೈಗೆ ಬರುತ್ತದೆ, ದೊಡ್ಡವರ ಟೋಪಿ ಗೊಂಬೆಯ ಟೋಪಿಯಾಗುತ್ತದೆ.

ಈ ದಾರಕ್ಕೆ ಈ ಕಡ್ಡಿಯಲ್ಲಿ 10 ಸೆಂ.ಮೀ.ಗೆ 22 ಕುಣಿಕೆ ಕೂರಬೇಕು. ಕುಲಾವಿಯ ಸುತ್ತಳತೆ 36 ಸೆಂ.ಮೀ. ಎಂದರೆ 79 ಕುಣಿಕೆ. ಅಂಚಿಗೆ ಎರಡು ಸೀದಾ (ನಿಟ್) ಎರಡು ಉಲ್ಟಾ (ಪರ್ಲ್) ಹಾಕುವುದಾದರೆ ನಾಲ್ಕರಿಂದ ಭಾಗವಾಗಬೇಕು, 80 ಹಾಕಿ. ನೀಳ ಕಡ್ಡಿಯಲ್ಲಿ ಹೆಣೆದು ಕೊನೆಗೆ ಹೊಲಿಯುವುದಾದರೆ 82. ಆ ಹೆಚ್ಚಿನ ಎರಡು ಹೊಲಿಗೆಯೊಳಗೆ ಹೋಗುತ್ತವೆ, ಅಂಚಿನ ಪಟ್ಟಿಯೂ ಜೋಡಣೆಯಲ್ಲಿ ತಪ್ಪದೆ ಸೇರಿಕೊಳ್ಳುತ್ತದೆ.

ನೀಳ ಕಡ್ಡಿ

ನೀಲಗಿರಿಯ ಕೇತಿಯಲ್ಲಿ ತಯಾರಾಗುವ ಪೋನಿ ಕಡ್ಡಿಗಳಿಂದಲೇ ನಮ್ಮಲ್ಲಿ ಬಹಳ ಜನ ಹೆಣಿಗೆ ಕಲಿತಿದ್ದಾರೆ. ಅಗ್ಗ, ಗಟ್ಟಿ, ಎಲ್ಲೆಡೆ ಸಿಗುತ್ತದೆ. ಕಲಿಯುವವರಿಗೆ ಇದರಷ್ಟು ಸರಳವಾದದ್ದಿಲ್ಲ, ಏಕೆಂದರೆ ಈ ಕಡ್ಡಿಯಿಂದ ಆ ಕಡ್ಡಿಗೆ ಸಾಲು ದಾಟುವುದು ಕಣ್ಣೆದುರೇ ಕಾಣುತ್ತದೆ.

ತೊಂದರೆ ಶುರುವಾಗುವುದು ಎದ್ದಾಗ. ಗುಂಡಿಯಿರುವ ತುದಿ ಕುಣಿಕೆಗಳನ್ನು ತಡೆಯುತ್ತದೆ, ಮೊನೆಯಿರುವ ತುದಿ ತಡೆಯುವುದಿಲ್ಲ. ಸೋಫಾ ಮೇಲಿಟ್ಟ ಹೆಣಿಗೆಯನ್ನು ಯಾರೋ ಎತ್ತಿ ಬದಿಗಿಟ್ಟರೆ ಸಾಕು, ಐದಾರು ಕುಣಿಕೆ ಜಾರಿರುತ್ತವೆ. ಅಲ್ಯೂಮಿನಿಯಂ ಕಡ್ಡಿಯ ಮೇಲೆ ಅಕ್ರಿಲಿಕ್ ದಾರವಿದ್ದರಂತೂ ಕೇಳಲೇಬೇಡಿ. ಪರಿಹಾರಕ್ಕೆ ಖರ್ಚಿಲ್ಲ: ಎರಡೂ ಮೊನೆಗಳನ್ನು ಜೋಡಿಸಿ ಹಾಲಿನ ಪ್ಯಾಕೆಟಿಗೆ ಬರುವಂಥ ರಬ್ಬರ್ ಬ್ಯಾಂಡ್ ನಾಲ್ಕು ಸುತ್ತು ಸುತ್ತಿ, ಇಲ್ಲವೇ ಮೊನೆಗೆ ಹಳೇ ಎರೇಸರ್ ಚುಚ್ಚಿಡಿ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಎರೇಸರ್ ಚುಚ್ಚುವುದು ಕುಣಿಕೆಗಿಂತ ಕಣ್ಣಿನ ಸುರಕ್ಷತೆಗೇ ಮುಖ್ಯ.

ಬಿದಿರಿನ ಕಡ್ಡಿಯಾದರೆ ಕುಣಿಕೆಯನ್ನು ಹಿಡಿದುಕೊಳ್ಳುತ್ತದೆ, ಟಿಕ್ ಟಿಕ್ ಸದ್ದೂ ಇಲ್ಲ. ಪಕ್ಕದಲ್ಲಿ ಮಗು ಮಲಗಿದ್ದರೆ ಇದು ಸಣ್ಣ ಗುಣವಲ್ಲ. ಆದರೆ ಅದರ ಮೇಲೆ ಯಾರಾದರೂ ಕೂತರೆ ಮುರಿಯಿತೆಂದೇ ಲೆಕ್ಕ.

ಇನ್ನೊಂದು ದೋಷ ಭಾರದ್ದು. 35 ಸೆಂ.ಮೀ. ಕಡ್ಡಿಯ ಮೇಲೆ ಸ್ವೆಟರಿನ ಇಡೀ ಬೆನ್ನು ಜೋತು ಬಿದ್ದಾಗ ಆ ತೂಕ ಹೊರುವುದು ಮಣಿಕಟ್ಟು. ಕುಲಾವಿಗೆ ಇದು ಗೊತ್ತಾಗುವುದಿಲ್ಲ, ದೊಡ್ಡವರ ಸ್ವೆಟರಿಗೆ ಮೂರನೇ ದಿನಕ್ಕೇ ಗೊತ್ತಾಗುತ್ತದೆ. ಬಸ್ಸಿನಲ್ಲಿ ಪಕ್ಕದವರ ಪಕ್ಕೆಗೆ ಚುಚ್ಚುವುದೂ ಇದೇ ಕಡ್ಡಿ.

ಸರ್ಕ್ಯುಲರ್

ಎರಡು ಗಿಡ್ಡ ಕಡ್ಡಿಗಳನ್ನು ಪ್ಲಾಸ್ಟಿಕ್ ಕೇಬಲ್ಲಿನಿಂದ ಜೋಡಿಸಿದ್ದು. ದುಂಡಗೆ ಹೆಣೆಯಲು ಮಾತ್ರ ಎಂದು ಹಲವರು ಇದನ್ನು ಮುಟ್ಟುವುದೇ ಇಲ್ಲ. ಅದು ತಪ್ಪು. ಸಾಲು ಮುಗಿದೊಡನೆ ಹೆಣಿಗೆಯನ್ನು ತಿರುಗಿಸಿಕೊಂಡರೆ ನೀಳ ಕಡ್ಡಿಯ ಕೆಲಸವೆಲ್ಲ ಇದರಲ್ಲೂ ಆಗುತ್ತದೆ. ಭಾರವೆಲ್ಲ ಕೇಬಲ್ಲಿನ ಜೊತೆ ತೊಡೆಯ ಮೇಲೆ ಕೂರುತ್ತದೆ, ಒಂದು ಕಡ್ಡಿ ಮಂಚದಡಿ ಕಳೆದುಹೋಗುವ ಪ್ರಶ್ನೆಯೂ ಇಲ್ಲ.

ಎದ್ದು ಹೋಗುವಾಗ ಮಾಡಬೇಕಾದ್ದು ಇಷ್ಟೇ: ಎರಡೂ ಮೊನೆಗಳನ್ನು ಹೊರಕ್ಕೆಳೆದು ಕುಣಿಕೆಗಳನ್ನೆಲ್ಲ ಕೇಬಲ್ಲಿನ ಮೇಲೆ ಬಿಡುವುದು. ಕೇಬಲ್ ಕಡ್ಡಿಗಿಂತ ಸಣ್ಣ, ಕುಣಿಕೆಗಳು ಅಲ್ಲಿಂದ ಮೊನೆಯವರೆಗೆ ತಾವಾಗಿ ಹತ್ತಿಬರುವುದಿಲ್ಲ. ಚೀಲಕ್ಕೆ ತುರುಕಿದರೂ ಒಂದೂ ಜಾರುವುದಿಲ್ಲ. ಬಿಟ್ಟೆದ್ದರೆ ಏನಾಗುತ್ತದೆ ಎಂಬ ಪ್ರಶ್ನೆಗೆ ಹೆಣಿಗೆಯ ಕಡ್ಡಿಗಳಲ್ಲಿ ಇದರಷ್ಟು ಒಳ್ಳೆಯ ಉತ್ತರ ಇನ್ನೊಂದಿಲ್ಲ.

ಎಡವುವುದು ಬೇರೆ ಕಡೆ. ಮೊದಲನೆಯದು ಉದ್ದದ ಆಯ್ಕೆ. 36 ಸೆಂ.ಮೀ. ಸುತ್ತಿನ ಕುಲಾವಿಗೆ 40 ಸೆಂ.ಮೀ. ಸರ್ಕ್ಯುಲರ್ ತಂದರೆ ಕುಣಿಕೆಗಳು ಸುತ್ತು ಪೂರ್ತಿ ಮುಟ್ಟಲು ಎಳೆದಾಡುತ್ತವೆ, ನೆತ್ತಿಯ ಕಡೆ ಕುಣಿಕೆ ಕಡಿಮೆ ಮಾಡುತ್ತ ಬಂದಾಗ ಮುಟ್ಟುವುದೇ ಇಲ್ಲ. 40 ಸೆಂ.ಮೀ. ಹೊಂದುವುದು ದೊಡ್ಡವರ ಟೋಪಿಗೆ. ಮಗುವಿನದಕ್ಕೆ 80 ಸೆಂ.ಮೀ.ನದು ತಂದು ಮ್ಯಾಜಿಕ್ ಲೂಪ್ ಮಾಡಿ: ಕುಣಿಕೆಗಳನ್ನು 40-40 ಆಗಿ ಪಾಲುಮಾಡಿ, ನಡುವೆ ಕೇಬಲ್ಲನ್ನು ಕಿವಿಯಂತೆ ಹೊರಗೆಳೆದು, ಒಂದರ್ಧ ಹೆಣೆದ ಮೇಲೆ ಇನ್ನೊಂದರ್ಧ. ಪಾಲಾದ ಜಾಗದ ಮೊದಲೆರಡು ಕುಣಿಕೆಗೆ ದಾರ ತುಸು ಬಿಗಿ ಎಳೆಯದಿದ್ದರೆ ಅಲ್ಲಿ ಏಣಿಯ ಹಾಗೆ ಸಂದು ಬೀಳುತ್ತದೆ.

ಎರಡನೆಯದು ತಿರುಚು. 80 ಕುಣಿಕೆ ಹಾಕಿ ಸುತ್ತು ಸೇರಿಸುವಾಗ ಬುಡದ ಅಂಚು ಎಲ್ಲೋ ಒಂದು ಕಡೆ ಕೇಬಲ್ಲಿಗೆ ಸುತ್ತಿಕೊಂಡಿರುತ್ತದೆ. ಸೇರಿಸಿ ನಾಲ್ಕು ಸುತ್ತು ಹೆಣೆದ ಮೇಲೆ ಅದಕ್ಕೆ ಮದ್ದಿಲ್ಲ, ಬಿಚ್ಚಲೇಬೇಕು. ಮಕ್ಕಳ ಗಲಾಟೆಯ ನಡುವೆ ಹೆಣೆಯುವವರು ಮೊದಲ ಎರಡು ಸಾಲನ್ನು ತಿರುಗಿಸಿ ತಿರುಗಿಸಿ ಹೆಣೆದು, ಪಟ್ಟಿಯಾಗಿ ಕಾಣಿಸತೊಡಗಿದ ಮೇಲೆ ಸೇರಿಸುವುದು ಲೇಸು. ಬುಡದಲ್ಲಿ ಉಳಿಯುವ ಸಣ್ಣ ಸೀಳನ್ನು ಬಾಲದ ದಾರದಿಂದ ಒಂದು ಹೊಲಿಗೆ ಹಾಕಿ ಮುಚ್ಚಬಹುದು.

ಹೊಸ ಕೇಬಲ್ ಸುರುಳಿ ಸುತ್ತಿಕೊಂಡು ಕಾಟ ಕೊಟ್ಟರೆ ಬಿಸಿನೀರಿನಲ್ಲಿ ಒಂದು ನಿಮಿಷ ಅದ್ದಿ ನೇರವಾಗಿ ಹಿಡಿದು ಆರಿಸಿ. ನಿಟ್‌ಪ್ರೋ ಥರದ ಕಡ್ಡಿ ಬಿಚ್ಚಿ ಜೋಡಿಸುವ ಸೆಟ್ಟಿನಲ್ಲಿ ತಿರುಪು ನಿಧಾನಕ್ಕೆ ಸಡಿಲವಾಗುತ್ತದೆ. ಆ ಸಂದಿಗೆ ದಾರ ಸಿಕ್ಕಿಕೊಳ್ಳುವುದು ಮೊದಲ ಸೂಚನೆ. ಜೊತೆಗೆ ಬರುವ ಸಣ್ಣ ಕೀಲಿಕಡ್ಡಿಯಿಂದ ಬಿಗಿಮಾಡದೆ ಮುಂದುವರಿದರೆ ಕಡ್ಡಿಯೇ ಕಳಚಿ ಕುಣಿಕೆಗಳೆಲ್ಲ ಬೀಳುತ್ತವೆ. ಸೆಟ್ಟಿಗಿಂತ ಮೊದಲು 80 ಸೆಂ.ಮೀ.ನ, ಕೇಬಲ್ ಅಂಟಿಕೊಂಡೇ ಇರುವ 4 ಮಿ.ಮೀ. ಒಂದು ಕೊಳ್ಳುವುದು ಜಾಣತನ.

ನೀಳ ಕಡ್ಡಿಯಿಂದ ಇದಕ್ಕೆ ಬಂದವರಿಗೆ ಅಳತೆ ಬದಲಾಗುವುದೂ ಉಂಟು. ಹೆಚ್ಚಿನವರ ಕೈಯಲ್ಲಿ ಉಲ್ಟಾ ಸಾಲು ಸೀದಾ ಸಾಲಿಗಿಂತ ಸಡಿಲ. ದುಂಡಗೆ ಹೆಣೆದಾಗ ಎಲ್ಲವೂ ಸೀದಾ, ಹಾಗಾಗಿ ಬಟ್ಟೆ ಬಿಗಿಯಾಗುತ್ತದೆ. ಕುಲಾವಿಗೆ ನಡೆದೀತು. ಆದರೆ 80 ಸೆಂ.ಮೀ. ಎದೆಯಳತೆಯ ಸ್ವೆಟರಿಗೆ 176 ಕುಣಿಕೆ ಹಾಕಿ, ಕೈ 22ರ ಬದಲು 24ಕ್ಕೆ ಹೆಣೆದರೆ ಸ್ವೆಟರು ಸುಮಾರು 73 ಸೆಂ.ಮೀ. ಆಗುತ್ತದೆ. ಹೇಗೆ ಹೆಣೆಯುತ್ತೀರೋ ಹಾಗೆಯೇ ತುಂಡು ಹೆಣೆದು ಅಳೆಯಿರಿ.

ಎರಡೂ ಬದಿ ಮೊನೆಯ ನಾಲ್ಕೈದು ಕಡ್ಡಿಗಳ ಸೆಟ್ ಕಾಲುಚೀಲಕ್ಕೆ ಚೆನ್ನ. ಅಂಬೆಗಾಲಿಡುವ ಮಗುವಿರುವ ಮನೆಗೆ ಬೇಡ.

ಸಾಲಿನ ನಡುವೆ ಬಿಟ್ಟದ್ದನ್ನು ಎತ್ತಿಕೊಳ್ಳುವುದು

ನೀಳ ಕಡ್ಡಿಗೂ ಸರ್ಕ್ಯುಲರಿಗೂ ಇದು ಒಂದೇ. ಮರಳಿ ಬಂದಾಗ ಎರಡು ಕಡ್ಡಿಯಲ್ಲೂ ಕುಣಿಕೆಗಳಿರುತ್ತವೆ, ಯಾವುದು ಬಲಗೈಗೆ ಎಂದು ಮರೆತಿರುತ್ತದೆ. ಉಂಡೆಯಿಂದ ಬರುವ ದಾರ ಯಾವ ಕಡ್ಡಿಯ ಕೊನೆಯ ಕುಣಿಕೆಯಿಂದ ಹೊರಟಿದೆಯೋ ಆ ಕಡ್ಡಿ ಬಲಗೈಗೆ. ಎಡಗೈಯಲ್ಲಿ ಹಿಡಿದು ಶುರುಮಾಡಿದರೆ ಹೊರಟ ದಿಕ್ಕಿಗೆ ಬೆನ್ನು ಹಾಕಿ ವಾಪಸ್ ಹೋದಂತೆ, ನಡುವೆ ಒಂದು ತೂತು, ಒಂದು ಬದಿ ಎರಡು ಸಾಲು ಎತ್ತರ. ಒಂದು ದಿನಕ್ಕಿಂತ ಹೆಚ್ಚು ಬಿಡುವುದಾದರೆ ಸಾಲು ಮುಗಿಸಿಯೇ ಇಡಿ. ನಡುವೆ ನಿಂತ ಜಾಗದ ಕುಣಿಕೆ ಜಗ್ಗಿ, ತೊಳೆದ ಮೇಲೂ ಗೆರೆ ಕಾಣಿಸಬಹುದು.

ಕುಣಿಕೆ ಜಾರಿ ಕೆಳಕ್ಕೆ ಏಣಿಯಂತೆ ಬಿಚ್ಚಿಕೊಂಡರೆ ಗಾಬರಿ ಬೇಡ. ತುದಿಯಲ್ಲಿ ಕೊಕ್ಕೆಯಿರುವ ಕ್ರೋಶಾ ಕಡ್ಡಿಯನ್ನು ಸೀದಾ ಬದಿಯಿಂದ ಆ ಕುಣಿಕೆಯೊಳಗೆ ತೂರಿಸಿ, ಮೇಲಿನ ಮೊದಲ ಅಡ್ಡದಾರವನ್ನು ಕೊಕ್ಕೆಗೆ ಹಿಡಿದು ಕುಣಿಕೆಯ ಮೂಲಕ ಹೊರಗೆಳೆಯಿರಿ. ಒಂದೊಂದು ಅಡ್ಡದಾರ ಒಂದೊಂದು ಸಾಲು. ಬರೀ ಸೀದಾ ಸಾಲುಗಳ ಗಾರ್ಟರ್ ಹೆಣಿಗೆಯಾದರೆ ಒಂದು ಸಾಲು ಮುಂದಿನಿಂದ, ಇನ್ನೊಂದು ಹಿಂದಿನಿಂದ.

ಕ್ರೋಶಾ

ಎರಡು ಕಡ್ಡಿಯ ಬದಲು ಒಂದೇ ಕೊಕ್ಕೆಯಲ್ಲಿ ಹೆಣೆಯುವುದರಿಂದ ಇಲ್ಲಿ ಜೀವವಿರುವ (ಬಿಚ್ಚಿಹೋಗಬಲ್ಲ) ಕುಣಿಕೆ ಯಾವಾಗಲೂ ಒಂದೇ. ಆದ್ದರಿಂದ ಬಿಟ್ಟೇಳುವುದರಲ್ಲಿ ಕ್ರೋಶಾಕ್ಕೆ ಸಾಟಿಯಿಲ್ಲ. ಆ ಕುಣಿಕೆಗೊಂದು ಪಿನ್ನು ಚುಚ್ಚಿ ಎದ್ದುಬಿಡಿ. ಮಗು ದಾರ ಎಳೆದರೂ ಎಳೆದಷ್ಟೇ ಬಿಚ್ಚುತ್ತದೆ, ಏಣಿ ಬೀಳುವುದಿಲ್ಲ.

ಇಷ್ಟಾದರೂ ಕುಲಾವಿಯ ಮಟ್ಟಿಗೆ ನಮ್ಮ ಓಟು ಹೆಣಿಗೆಗೇ. ಅದೇ ದಾರ, ಅದೇ 4 ಮಿ.ಮೀ. ಕೊಕ್ಕೆಯಲ್ಲಿ ಕ್ರೋಶಾದ ಬಟ್ಟೆ ದಪ್ಪಗೆ, ಬಿರುಸಾಗಿ ಬರುತ್ತದೆ, ತಲೆಗೆ ತಕ್ಕಂತೆ ಹಿಗ್ಗುವುದಿಲ್ಲ. ಹೆಣೆದ ಅಂಚು ಬೆಳೆಯುವ ತಲೆಗೆ ಒಂದೆರಡು ತಿಂಗಳು ಹೆಚ್ಚು ಒಗ್ಗುತ್ತದೆ. 4.5 ಅಥವಾ 5 ಮಿ.ಮೀ. ಕೊಕ್ಕೆಗೆ ಹೋದರೆ ಬಿರುಸುತನ ತಗ್ಗುತ್ತದೆ. ದಾರವೂ ಸಾಮಾನ್ಯವಾಗಿ ಹೆಚ್ಚೇ ಬೇಕು. ಹೊದಿಕೆ, ಚೀಲ, ಟೇಬಲ್ ಮೇಲಿನ ಹಾಸು, ಆಟಿಕೆಗಳಿಗೆ ಮಾತ್ರ ಎರಡು ಮಾತಿಲ್ಲದೆ ಕ್ರೋಶಾವೇ.

ಕ್ರೋಶಾ ಸುತ್ತಿನ ಮೊದಲ ಹೊಲಿಗೆಗೆ ಪಿನ್ನು ಹಾಕದಿದ್ದರೆ ಸುತ್ತು ಎಲ್ಲಿ ಶುರು ಎಂದೇ ತಿಳಿಯುವುದಿಲ್ಲ. ಮತ್ತೆ ಹೆಸರಿನ ಗೊಂದಲ: ಅಮೆರಿಕದವರ ಸಿಂಗಲ್ ಕ್ರೋಶಾ ಬ್ರಿಟಿಷರಿಗೆ ಡಬಲ್. ಅಳತೆ ವಿಪರೀತ ತಪ್ಪಿದಾಗ ಮೊದಲು ಅನುಮಾನಿಸಬೇಕಾದ್ದು ಇದನ್ನೇ.

ದಾರ

ಅಂಗಡಿಯವರು ‘ಉಲ್ಲನ್’ ಎಂದು ಕೊಡುವುದರಲ್ಲಿ ಬಹುಪಾಲು ಲೂಧಿಯಾನದಿಂದ ಬರುವ ಅಕ್ರಿಲಿಕ್. ಲೇಬಲ್ ಇಲ್ಲದಿದ್ದರೆ ಒಂದು ತುಂಡನ್ನು ಇಕ್ಕಳದಲ್ಲಿ ಹಿಡಿದು, ಸಿಂಕಿನ ಮೇಲೆ ಸುಟ್ಟು ನೋಡಿ. ಅಕ್ರಿಲಿಕ್ ಕರಗಿ ಗಟ್ಟಿ ಕರಿಮಣಿಯಾಗುತ್ತದೆ, ಉಣ್ಣೆ ಕೂದಲು ಸುಟ್ಟ ವಾಸನೆ ಕೊಟ್ಟು ಪುಡಿಯಾಗುತ್ತದೆ, ಹತ್ತಿ ಕಾಗದದಂತೆ ಉರಿಯುತ್ತದೆ.

ದಿನವೂ ಒಗೆಯುವ ಮಕ್ಕಳ ಬಟ್ಟೆಗೆ ಅಕ್ರಿಲಿಕ್ ಅನುಕೂಲ: ಜಾಲರಿ ಚೀಲದಲ್ಲಿಟ್ಟು ಮೆಶಿನ್ನಿಗೆ ಹಾಕಬಹುದು, ಮಲೆನಾಡಿನ ಮಳೆಗಾಲದಲ್ಲೂ ಬೇಗ ಒಣಗುತ್ತದೆ. ಇಸ್ತ್ರಿ ಮಾತ್ರ ತಾಗಿಸಬೇಡಿ. ಒಮ್ಮೆ ಬಿಸಿ ತಾಗಿ ಚಪ್ಪಟೆಯಾದ ಹೆಣಿಗೆ ಮತ್ತೆ ಪುಟಿಯುವುದಿಲ್ಲ. ಬಿಸಿ ಪಾತ್ರೆ ಹಿಡಿಯುವ ಬಟ್ಟೆಗೆ ಅಕ್ರಿಲಿಕ್ ಖಂಡಿತ ಕೂಡದು, ಕರಗಿ ಕೈಗೆ ಅಂಟುತ್ತದೆ. ಅದಕ್ಕೆ ಹತ್ತಿ.

ಮಂಗಳೂರು, ಕಾರವಾರದ ಸೆಕೆಗೆ ಮಗುವಿಗೂ ಹತ್ತಿಯೇ ಸರಿ. ಆದರೆ ಹತ್ತಿದಾರಕ್ಕೆ ಪುಟಿತವಿಲ್ಲ, ಅಂಚು ಜೋಲುತ್ತದೆ. ಅಂಚಿನ ಪಟ್ಟಿಗೆ ಅರ್ಧ ಮಿ.ಮೀ. ಸಣ್ಣ ಕಡ್ಡಿ ಬಳಸಿ. ಮಡಿಕೇರಿ, ಚಿಕ್ಕಮಗಳೂರಿನ ಚಳಿಗೆ ಮೆರಿನೊ ಉಣ್ಣೆ. ಚಳ್ಳಕೆರೆಯ ಕಂಬಳಿಗೆ ಹೋಗುವ ದಖ್ಖನಿ ಕುರಿಯ ಉಣ್ಣೆ ಹೊದೆಯಲು ಬೆಚ್ಚಗೆ, ಎಳೆಮಗುವಿನ ಕತ್ತಿಗೆ ಮಾತ್ರ ಚುಚ್ಚುತ್ತದೆ. ಮೆರಿನೊವನ್ನು ತಣ್ಣೀರಲ್ಲಿ, ಅಂಟುವಾಳದ ನೊರೆಯಲ್ಲಿ ಅದ್ದಿ ತೆಗೆಯಿರಿ. ಬಿಸಿನೀರಲ್ಲಿ ಉಜ್ಜಿದರೆ ಎಳೆಗಳು ಒಂದಕ್ಕೊಂದು ಸಿಕ್ಕಿ ಕುಗ್ಗಿ ದಪ್ಪ ಉಣ್ಣೆಹಾಳೆಯಾಗುತ್ತದೆ, ಹಿಂದಿರುಗುವ ದಾರಿಯಿಲ್ಲ. ಹಗ್ಗಕ್ಕೆ ನೇತುಹಾಕದೆ ಟವೆಲ್ ಮೇಲೆ ಹರಡಿ ಒಣಗಿಸಿ. ನುಸಿಗುಳಿಗೆ ಹಸುಗೂಸಿನ ಬಟ್ಟೆಯ ಜೊತೆ ಬೇಡ, ಅದರ ಆವಿ ಕೆಲವು ಶಿಶುಗಳ ರಕ್ತಕ್ಕೆ ಹಾನಿ ಮಾಡುತ್ತದೆ.

ಮಗುವಿನದಕ್ಕೆ ಕತ್ತಿನ ಬಳಿ ಉದ್ದದ ದಾರ, ನೂಲು ಉದುರುವ ಮೊಹೇರ್ ಎರಡೂ ಬೇಡ. ಕಾಲುಚೀಲದ ಒಳಗೆ ಬಣ್ಣ ಬದಲಿಸಿದ ದಾರ ಸಡಿಲವಾಗಿ ಉಳಿದರೆ ಬೆರಳಿಗೆ ಸುತ್ತಿಕೊಳ್ಳುತ್ತದೆ, ಒಳಗೆ ಕೈಯಾಡಿಸಿ ನೋಡಿಯೇ ತೊಡಿಸಿ.

ಸ್ವೆಟರಿಗೆ ದಾರ ಕೊಳ್ಳುವಾಗ ಲೇಬಲ್ಲಿನ ಬಣ್ಣದ ಸಂಖ್ಯೆಯ ಜೊತೆ ಲಾಟ್ (ಒಂದೇ ಸಲ ಬಣ್ಣ ಹಾಕಿದ ಗುಂಪು) ಸಂಖ್ಯೆಯೂ ಒಂದೇ ಇರುವ ಉಂಡೆಗಳನ್ನು, ಒಂದು ಹೆಚ್ಚೇ ಇರುವಂತೆ, ಒಟ್ಟಿಗೆ ತನ್ನಿ. ತಿಂಗಳ ಮೇಲೆ ಹೋಗಿ ತಂದ ಉಂಡೆ ಬೇರೆ ಲಾಟಿನದಾದರೆ ಅದನ್ನೂ ಹಳೆಯದನ್ನೂ ಎರಡೆರಡು ಸಾಲಿಗೆ ಬದಲಾಯಿಸುತ್ತ ಹೆಣೆಯಿರಿ. ಛಾಯೆಯ ವ್ಯತ್ಯಾಸ ಎದೆಯ ಮೇಲೆ ಅಡ್ಡಗೆರೆಯಾಗಿ ನಿಲ್ಲುವುದಿಲ್ಲ.