ಅಪ್ಪನ ಕಿರ್ದಿಯಲ್ಲಿ ನನ್ನ ಲೆಕ್ಕ: 22 ತಿಂಗಳ ಥೆರಪಿಯ ಅನುಭವ

ಮಾತುಕತೆಯ ಮೂಲಕ ಮನಸ್ಸಿಗೆ ಚಿಕಿತ್ಸೆ ಕೊಡುವ ಥೆರಪಿ ಎಂದರೇನು, ಅದರಲ್ಲಿ ಎಷ್ಟು ಬಗೆ ಎಂಬ ವಿವರಗಳು ಎಲ್ಲೆಡೆ ಸಿಗುವುದರಿಂದ ಅವನ್ನು ಬಿಟ್ಟು, ದುಡ್ಡು ಕೊಟ್ಟು ಬಳಸಿದವನಾಗಿ ಬರೆಯುತ್ತಿದ್ದೇನೆ. ನನಗೆ 46 ವರ್ಷ. ಬೆಂಗಳೂರಿನ ಸಹಕಾರ ಸಂಘವೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ತಿಪಟೂರಿನಲ್ಲಿ ದಿನಸಿ ಅಂಗಡಿ ಇಟ್ಟಿದ್ದ ಅಪ್ಪ ಲಕ್ವ ಹೊಡೆದು ತೀರಿಕೊಂಡ ಮೇಲೆ ನನಗೆ ರಾತ್ರಿ 3 ಗಂಟೆಗೆ ತಪ್ಪದೆ ಎಚ್ಚರವಾಗತೊಡಗಿತು. ಮಗಳು ಶಾಲೆಯಲ್ಲಿ ನೀರಿನ ಬಾಟಲಿ ಮರೆತು ಬಂದಳೆಂದು ಪಕ್ಕದ ಮನೆಯವರು ಹೊರಗೆ ಬರುವಷ್ಟು ಕೂಗಾಡಿದ್ದೆ. ಒಮ್ಮೆ ಎದೆ ಹಿಂಡಿದಂತಾಗಿ ಆಟೋ ಹಿಡಿದು ಆಸ್ಪತ್ರೆಗೆ ಹೋದರೆ ಇಸಿಜಿ, ಎಕೋ ಎರಡೂ ಸರಿಯಾಗಿದ್ದವು.

ಅದೇ ವಾರ ಒಂದು ರಾತ್ರಿ 14416ಕ್ಕೆ ಕರೆ ಮಾಡಿದೆ. ಇದು 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಎಂಬ, ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ. ಹಗಲು ರಾತ್ರಿ ಎನ್ನದೆ ಉಚಿತವಾಗಿ ನಡೆಯುತ್ತದೆ. ಆ ಕಡೆಯ ಹೆಣ್ಣುಮಗಳು ಕನ್ನಡದಲ್ಲೇ ಇಪ್ಪತ್ತು ನಿಮಿಷ ಮಾತಾಡಿ, ಇದು ಒಂದು ಕರೆಯಲ್ಲಿ ಮುಗಿಯುವ ವಿಷಯವಲ್ಲ, ಒಬ್ಬರನ್ನು ಗೊತ್ತುಮಾಡಿಕೊಂಡು ಕ್ರಮವಾಗಿ ಕಾಣಿ ಎಂದರು. ನಾನು ಅವಸರದಲ್ಲಿ ಒಂದು ಆ್ಯಪ್ ಇಳಿಸಿಕೊಂಡು ಇಂಗ್ಲಿಷ್ ಮಾತಾಡುವ ಸಮಾಲೋಚಕರೊಬ್ಬರಿಗೆ 2 ಬಾರಿ ಸಾವಿರ ಸಾವಿರ ಕೊಟ್ಟೆ. ಎರಡನೆಯ ಬಾರಿಯೂ ಅವರು ನನ್ನ ಹೆಸರು ಕೇಳಿದ್ದರಿಂದ ಮೂರನೆಯದಕ್ಕೆ ಹೋಗಲಿಲ್ಲ. ಕ್ಲಿನಿಕಲ್ ಸೈಕಾಲಜಿಸ್ಟ್ (ಚಿಕಿತ್ಸೆ ನೀಡುವ ಮನಶ್ಶಾಸ್ತ್ರಜ್ಞ) ಎಂದು ಕೆಲಸ ಮಾಡುವವರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇರಬೇಕೆಂದು ನನಗೆ ತಿಳಿದದ್ದು ಆಮೇಲೆ. ನನಗೆ ಈಗ ಥೆರಪಿ ಕೊಡುವ ಮೇಡಂ ಅವರನ್ನು ಕಾಣುವ ಮೊದಲು ಫೋನಿನಲ್ಲಿ ಆ ನೋಂದಣಿ ಸಂಖ್ಯೆಯನ್ನೇ ಕೇಳಿದೆ. ಅವರು ಬೇಸರಪಟ್ಟುಕೊಳ್ಳದೆ ಕೊಟ್ಟರು.

ಮನೆಯಲ್ಲಿ ಇದನ್ನು ಹೇಳಿದಾಗ ಹೆಂಡತಿ, "ಅಲ್ಲಾ ರೀ, ಮಾತಾಡೋಕೂ ದುಡ್ಡು ಕೊಡ್ಬೇಕಾ? ನಾವೆಲ್ಲ ಇಲ್ವಾ?" ಎಂದಳು. ಆ ಪ್ರಶ್ನೆಗೆ ಆಗ ನನ್ನಲ್ಲಿ ಉತ್ತರವಿರಲಿಲ್ಲ.

ಮೊದಲ ಕೆಲವು ವಾರ ನನಗೂ ಅವಳದೇ ಅನುಮಾನವಿತ್ತು. 50 ನಿಮಿಷ ಮಾತಾಡಿ, ಮೆಟ್ರೊ ಹತ್ತಿ ಮನೆಗೆ ಬರುವಷ್ಟರಲ್ಲಿ ಹಗುರವಾದದ್ದೆಲ್ಲ ಮತ್ತೆ ಭಾರವಾಗುತ್ತಿತ್ತು. ನಾಲ್ಕನೆಯ ವಾರ ಮೇಡಂ ಮನೆಗೆಲಸ ಕೊಟ್ಟರು: ಮನಸ್ಸು ಕೆಟ್ಟ ಹೊತ್ತಿನಲ್ಲಿ ಏನಾಯಿತು, ಆಗ ತಲೆಯಲ್ಲಿ ಓಡಿದ ಮಾತು ಯಾವುದು, ಏನನ್ನಿಸಿತು, ನೂರಕ್ಕೆ ಎಷ್ಟು, ಆ ಮಾತಿನ ಪರವಾಗಿ ಸಾಕ್ಷಿಯೇನು, ವಿರುದ್ಧವಾಗಿ ಏನು, ಎರಡನ್ನೂ ನೋಡಿದ ಮೇಲೆ ಈಗ ನೂರಕ್ಕೆ ಎಷ್ಟು, ಹೀಗೆ ಕಾಲಂ ಎಳೆದು ಬರೆಯಬೇಕು. ಅಮೆರಿಕದ ಮನೋವೈದ್ಯ ಆರನ್ ಬೆಕ್ 1960ರ ದಶಕದಲ್ಲಿ ರೂಪಿಸಿದ ಅರಿವಿನ ಚಿಕಿತ್ಸೆಯ (ಕಾಗ್ನಿಟಿವ್ ಥೆರಪಿಯ) ಮುಖ್ಯ ಸಲಕರಣೆಗಳಲ್ಲಿ ಇದೂ ಒಂದು. ಮೇಡಂ ಕೊಟ್ಟ ಮುದ್ರಿತ ಹಾಳೆಯ ಕಾಲಂಗಳು ನನ್ನ ಕೈಬರಹಕ್ಕೆ ಸಾಲದಾದವು. ಅಂಗಡಿ ಖಾಲಿ ಮಾಡುವಾಗ ತಂದಿಟ್ಟುಕೊಂಡಿದ್ದ ಅಪ್ಪನ ಕೊನೆಯ ಕಿರ್ದಿ (ದಿನದ ಲೆಕ್ಕ ಬರೆಯುವ ಪುಸ್ತಕ) ಆಗ ನೆನಪಾಯಿತು. ಕೆಂಪು ಬಟ್ಟೆಯ ರಟ್ಟಿನ ಉದ್ದನೆಯ ಆ ಪುಸ್ತಕದಲ್ಲಿ ಮೊದಲ ನಲವತ್ತು ಪುಟ ಮಾತ್ರ ತುಂಬಿದ್ದವು, ಕೊನೆಯ ಸಾಲು "ಹುಣಿಸೆಹಣ್ಣು 5 ಕೆ.ಜಿ." ಎಂದಿತ್ತು. ಅದರ ಮುಂದಿನ ಪುಟದಿಂದ ಶುರುಮಾಡಿದೆ.

ಈ ಸೇವೆಯಲ್ಲಿ ನಾನು ನಿರೀಕ್ಷಿಸದೇ ಇದ್ದ ಸುಖ ಇದೊಂದೇ. ರಾತ್ರಿ ಒಂಬತ್ತೂವರೆಗೆ ಊಟದ ಮೇಜು ಒರೆಸಿ, ಸ್ಟೀಲ್ ಸ್ಕೇಲಿನಲ್ಲಿ ಗೆರೆ ಎಳೆದು, ಅಪ್ಪ ಮಾಡುತ್ತಿದ್ದಂತೆ ಪುಟದ ನೆತ್ತಿಯಲ್ಲಿ 'ಶ್ರೀ' ಬರೆದು ಕೂರುತ್ತೇನೆ. ಮೊದಮೊದಲು 'ಆ್ಯಂಕ್ಸೈಟಿ 70' ಎಂದು ಬರೆದೆ. ಆಮೇಲೆ 'ಆತಂಕ' ಎಂದು. ಎರಡೂ ವರದಿಯ ಪದಗಳಂತಿದ್ದವು. ನಮ್ಮ ಮನೆಯಲ್ಲಿ ಯಾರೂ ಆತಂಕಪಟ್ಟವರಲ್ಲ. ಒಂದು ದಿನ ಕಾಲಂನಲ್ಲಿ 'ಸಿಟ್ಟು 80' ಎಂದು ಬರೆಯಲು ಹೋಗಿ, ಏಕೋ ಅಮ್ಮನ ಬಾಯಿಯ ಪದ ಬಂದು, 'ದಿಗಿಲು' ಎಂದು ಬರೆದೆ. ಬರೆದ ಕೂಡಲೇ ಎದೆಯ ಬಿಗಿತ ಇದೇ ಎಂದು ಗೊತ್ತಾಯಿತು. ಹಿಂದಿನ ಪುಟಗಳನ್ನು ತಿರುವಿದರೆ ನಾನು ಸಿಟ್ಟು ಎಂದು ಜಮಾ ಮಾಡಿದ್ದ ನಮೂದುಗಳಲ್ಲಿ ಅರ್ಧಕ್ಕಿಂತ ಹೆಚ್ಚು ದಿಗಿಲಿನ ಖಾತೆಗೆ ಹೋಗಬೇಕಾದವು. ಮಗಳ ನೀರಿನ ಬಾಟಲಿಯದೂ ಸೇರಿ. ಆಮೇಲಿಂದ ಕಸಿವಿಸಿ, ಸಂಕಟ, ರೇಗು, ಹೊಟ್ಟೆಯಲ್ಲಿ ಕಲಸಿದಂತೆ ಎಂದೆಲ್ಲ ಬರೆಯತೊಡಗಿದೆ. ಮೇಡಂ ತಿಪಟೂರಿನ ಕಡೆಯವರಲ್ಲದ ಕಾರಣ ಕೆಲವು ಪದಗಳ ಅರ್ಥ ಕೇಳುತ್ತಾರೆ, ನಾನು ವಿವರಿಸುತ್ತೇನೆ. ಆ ವಿವರಣೆಯಲ್ಲೇ ಎಷ್ಟೋ ಕೆಲಸ ಆಗಿಹೋಗುತ್ತದೆ.

ಎಲ್ಲಕ್ಕಿಂತ ದೊಡ್ಡ ನಮೂದು ಒಂಬತ್ತನೆಯ ವಾರದ್ದು: "ಮೂರು ದಿನ ಮುಂಚೆ ಊರಿಗೆ ಹೋಗಿದ್ದರೆ ಅಪ್ಪ ಉಳಿಯುತ್ತಿದ್ದರು." ಯಾರಿಗೆ ಹೇಳಿದರೂ "ಹಾಗೆಲ್ಲ ಅಂದುಕೊಳ್ಳಬೇಡಿ" ಎನ್ನುತ್ತಿದ್ದರು. ಮೇಡಂ ಹಾಗೆನ್ನದೆ, "ವೋಚರ್ ಇಲ್ಲದ ಖರ್ಚನ್ನು ನೀವು ಪುಸ್ತಕಕ್ಕೆ ಹಾಕುತ್ತೀರಾ?" ಎಂದು ಕೇಳಿದರು. ಪರವಾಗಿ ಒಂದೇ ಸಾಕ್ಷಿ ಇತ್ತು: ಭಾನುವಾರ ಫೋನಿನಲ್ಲಿ ಅಪ್ಪ ಎಡಗೈ ಜೋಮು ಹಿಡಿದಿದೆ ಎಂದಿದ್ದರು. ವಿರುದ್ಧದ ಕಾಲಂ ತುಂಬಲು ಮೂರು ರಾತ್ರಿ ಹಿಡಿಯಿತು. ಸಕ್ಕರೆ ಮೂಟೆ ಎತ್ತಿದ್ದಕ್ಕೆ ಎಂದು ಅಪ್ಪನೇ ಹೇಳಿದ್ದರು. ಒಂದೇ ಮನೆಯಲ್ಲಿದ್ದ ತಮ್ಮನಿಗೂ ಅದನ್ನೇ ಹೇಳಿದ್ದರು. ಸೋಮವಾರ ಸಂಜೆಯವರೆಗೆ ಅಂಗಡಿಯಲ್ಲಿ ಕೂತು ಕಿರ್ದಿ ಬರೆದಿದ್ದರು, ಮತ್ತು ಆ ಬರಹ ಅದೇ ಪುಸ್ತಕದಲ್ಲಿ, ನನ್ನ ಕೈಯ ಕೆಳಗೆ, ಒಂದಿಷ್ಟೂ ನಡುಗದೆ ಇತ್ತು. 95 ಇದ್ದದ್ದು 60ಕ್ಕೆ ಇಳಿಯಿತು. ಸೊನ್ನೆ ಆಗಲಿಲ್ಲ, ಇಂದಿಗೂ ಆಗಿಲ್ಲ.

ಇಷ್ಟು ಹೊಗಳಿದ ಮೇಲೆ ದೂರುಗಳನ್ನೂ ಹೇಳಬೇಕು. ಆ ಕ್ಲಿನಿಕ್ಕಿನ ಕೋಣೆಗಳ ನಡುವೆ ಇರುವುದು ಪ್ಲೈವುಡ್ಡಿನ ಗೋಡೆ. ಸದ್ದು ಮರೆಸಲು ಹೊರಗೆ ಕೊಳಲಿನ ಸಂಗೀತ ಹಾಕಿರುತ್ತಾರೆ. ಒಂದು ಶನಿವಾರ ಕರೆಂಟ್ ಹೋಗಿ ಕೊಳಲು ನಿಂತಾಗ, ಪಕ್ಕದ ಕೋಣೆಯಲ್ಲಿ ಒಬ್ಬ ಹಿರಿಯರು ಬಿಕ್ಕಿಬಿಕ್ಕಿ ಅಳುತ್ತಿದ್ದದ್ದು ಸ್ಪಷ್ಟವಾಗಿ ಕೇಳಿಸಿತು. ನಾನು ಅತ್ತ ದಿನಗಳಲ್ಲಿ ಯಾರು ಯಾರು ಕುರ್ಚಿಯಲ್ಲಿ ಕಾಯುತ್ತಿದ್ದರೋ ಎಂದು ಲೆಕ್ಕ ಹಾಕುತ್ತಾ ಆ ಇಡೀ ಅವಧಿಯನ್ನು ಹಾಳುಮಾಡಿಕೊಂಡೆ. ಗೋಪ್ಯತೆಯ ಬಗ್ಗೆ ಎರಡು ಪುಟದ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವವರು ಒಂದು ಇಟ್ಟಿಗೆಯ ಗೋಡೆ ಕಟ್ಟಿಸಬಾರದೇ? ದೂರು ಕೊಟ್ಟು ಹತ್ತು ತಿಂಗಳಾಯಿತು. ಕೊಳಲಿನ ಸದ್ದನ್ನು ಹೆಚ್ಚಿಸಿದ್ದಾರೆ.

ಎರಡನೆಯದು ಹಣ. ವಾರಕ್ಕೊಮ್ಮೆಯಂತೆ 12 ಭೇಟಿ, ಹದಿನೈದು ದಿನಕ್ಕೊಮ್ಮೆಯಂತೆ 12, ಇವು ತಲಾ 1,200 ರೂಪಾಯಿ. ತಿಂಗಳಿಗೊಮ್ಮೆಯಂತೆ 14, ತಲಾ 1,500. ಒಟ್ಟು 49,800 ರೂಪಾಯಿ. ನಿದ್ದೆ ಹತೋಟಿಗೆ ಬಾರದ್ದರಿಂದ ಮೇಡಂ ನನ್ನನ್ನು ಮನೋವೈದ್ಯರ ಬಳಿಗೂ ಕಳಿಸಿದರು, ಏಕೆಂದರೆ ಮಾತ್ರೆ ಬರೆಯುವ ಅಧಿಕಾರ ಮೇಡಂ ಅವರಿಗಿಲ್ಲ. ಎಂಟು ತಿಂಗಳು ನುಂಗಿ, ವೈದ್ಯರು ಹೇಳಿದಂತೆ ಹಂತಹಂತವಾಗಿ ಬಿಟ್ಟ ಆ ಮಾತ್ರೆಗಳ ಖರ್ಚು ಬೇರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, ದೇಹದ ಕಾಯಿಲೆಗೆ ಹೇಗೋ ಹಾಗೆಯೇ ಮನಸ್ಸಿನ ಕಾಯಿಲೆಯ ಚಿಕಿತ್ಸೆಗೂ ವಿಮೆ ಇರಬೇಕೆನ್ನುತ್ತದೆ. ಅದನ್ನು ನಂಬಿ ರಸೀದಿಗಳನ್ನೆಲ್ಲ ಪಿನ್ ಮಾಡಿ ಕಳಿಸಿದೆ. ನನ್ನ ಪಾಲಿಸಿ ಆಸ್ಪತ್ರೆಯಲ್ಲಿ ದಾಖಲಾದವರಿಗೆ ಮಾತ್ರ ಎಂಬ ಉತ್ತರ ಬಂತು. ಜ್ವರಕ್ಕೆ ಹೊರರೋಗಿಯಾಗಿ ಹೋದರೂ ಸಿಗದು, ದಿಗಿಲಿಗೆ ಹೋದರೂ ಸಿಗದು. ಸಮಾನತೆ ಎಂದರೆ ಇದೂ ಸಮಾನತೆಯೇ. ಮಗಳ ಟ್ಯೂಷನ್ ಶುಲ್ಕ ಮತ್ತು ಇದು ಒಂದೇ ವಾರದಲ್ಲಿ ಬಂದ ತಿಂಗಳು ನಾನು ಸುಳ್ಳು ನೆಗಡಿ ಹೇಳಿ ಅವಧಿಯನ್ನು ಮುಂದೂಡಿದ್ದೂ ಉಂಟು. ಇದೇ ದಿಗಿಲು ತನಗೂ ಇದೆ ಎಂದ ತಮ್ಮನಿಗೆ ಬೆಂಗಳೂರಿನ ಖಾಸಗಿ ಥೆರಪಿ ಸೂಚಿಸುವ ಧೈರ್ಯವಾಗದೆ, ತುಮಕೂರಿನ ಜಿಲ್ಲಾಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗಕ್ಕೆ ಕಳಿಸಿದೆ.

ಫಲ ಏನೆಂದರೆ, ಹಿಂದಿನ ಎರಡು ವಾರ ಹೇಗಿದ್ದೆವೆಂದು ಕೇಳಿ ಖಿನ್ನತೆಯನ್ನು ಅಳೆಯುವ ಪಿಎಚ್‌ಕ್ಯೂ-9 ಎಂಬ ಒಂಬತ್ತು ಪ್ರಶ್ನೆಗಳ ಪಟ್ಟಿಯಲ್ಲಿ, 27ಕ್ಕೆ ನನ್ನ ಅಂಕ (ಹೆಚ್ಚಿದಷ್ಟೂ ತೊಂದರೆ ಹೆಚ್ಚು) ಮೊದಲು 16 ಇತ್ತು, ಈಗ 5ರ ಆಸುಪಾಸಿನಲ್ಲಿದೆ. ಸತ್ತರೆ ಚೆನ್ನ ಎನ್ನಿಸಿತ್ತೇ ಎಂದು ಕೇಳುವ ಒಂಬತ್ತನೆಯ ಪ್ರಶ್ನೆಯನ್ನು ಮೇಡಂ ಕಾಗದಕ್ಕೆ ಬಿಡದೆ, ನನ್ನ ಮುಖ ನೋಡಿಕೊಂಡೇ ಕೇಳಿದ್ದರು. ಹೆಂಡತಿಯ ಪ್ರಶ್ನೆಗೆ ಅಂದು ಉತ್ತರ ಸಿಕ್ಕಿತು: ಮನೆಯವರು ಆ ಪ್ರಶ್ನೆ ಕೇಳಲಾರರು, ಕೇಳಿದರೂ ನಾನು ನಿಜ ಹೇಳಲಾರೆ. ಅವಳಿಗೆ ಇದನ್ನು ಹೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, ಶನಿವಾರದ ತಿಂಡಿಯನ್ನು ಬೇಗ ಮಾಡಿಕೊಡುವೆನೆಂದಳು. 3 ಗಂಟೆಯ ಎಚ್ಚರ ತಿಂಗಳಲ್ಲಿ ಎರಡು ಬಾರಿ ಇನ್ನೂ ಆಗುತ್ತದೆ.

ಐದಕ್ಕೆ ನಾಲ್ಕು ನಕ್ಷತ್ರ; ಒಂದನ್ನು ಪ್ಲೈವುಡ್ಡಿಗೆ ಕಳೆದಿದ್ದೇನೆ. ಬರೆಯುವ ರೂಢಿಯಿಲ್ಲದವರಿಗೆ, ಮಾತಿನಲ್ಲೇ ಹಗುರವಾಗುವವರಿಗೆ ನನ್ನ ಅನುಭವ ಒಪ್ಪದಿರಬಹುದು. ಕಿರ್ದಿಯಲ್ಲಿ ಈಗ 9 ಹಾಳೆ ಉಳಿದಿವೆ. ಹೋದ ವಾರ ಅವೆನ್ಯೂ ರಸ್ತೆಗೆ ಹೋಗಿ ಅದೇ ಅಳತೆಯ ಕೆಂಪು ಬಟ್ಟೆಯ ಪುಸ್ತಕವನ್ನು ಕೈಯಲ್ಲಿ ಹಿಡಿದು ನೋಡಿ, ಬೆಲೆ ಕೇಳಿ, ಮೇಡಂ ಅವರನ್ನು ಒಮ್ಮೆ ವಿಚಾರಿಸಿ ಕೊಂಡರಾಯಿತೆಂದು ಅಲ್ಲೇ ಇಟ್ಟು ಬಂದಿದ್ದೇನೆ.